ಎಡಮೂಲೆಗೆ ಮೊದಲ ಚೆಂಡು

ಆಟಗಾರರ ಕೊಠಡಿ,
ಮಾರ್ಚ್ ೧೧, ಸೋಮವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯಾ? ಚಳಿಗೆ ಮೊಣಕಾಲು ಈಗಲೂ ಹಿಡಿದುಕೊಳ್ಳುತ್ತದೆಯೇ? ಬ್ಯಾಸ್ಕೆಟ್‌ಬಾಲ್‌ನಲ್ಲಿ ಹೆಸರು ಮಾಡಿಯೇ ಮನೆಗೆ ಬರುತ್ತೇನೆ ಎಂದು ಹೊರಟವನು ನೀನು. ಅಂದಿನಿಂದ ನಿನ್ನ ಸುದ್ದಿಯಿಲ್ಲ, ವಿಳಾಸವೂ ಇಲ್ಲ. ಹಾಗೆಂದು ಕ್ಷೇಮ ಕೇಳದೆ ಕಾಗದ ಶುರು ಮಾಡಿದರೆ ಅಮ್ಮ ಬಿಟ್ಟಾಳೆಯೇ? ಅವಳು ಗಟ್ಟಿಯಾಗಿದ್ದಾಳೆ. ಫೋನ್ ಇಡುವ ಮುಂಚೆ ಪ್ರತಿ ಸಲ ಅದೇ ಮಾತು: "ಅವನು ಅಲ್ಲೆಲ್ಲಾದ್ರೂ ಸಿಕ್ಕಿದ್ನಾ?"

ನನ್ನದು ಅದೇ ಅಲೆದಾಟ. ಒಂದು ತಂಡದಲ್ಲಿ ಚೀಲ ಬಿಚ್ಚುವಷ್ಟರಲ್ಲಿ ಇನ್ನೊಂದಕ್ಕೆ ಕಳಿಸುತ್ತಾರೆ. ಯಾರದಾದರೂ ಕಾಲು ಉಳುಕಿದರೆ ನನಗೆ ಕರೆ, ಅದು ವಾಸಿಯಾದರೆ ನನಗೆ ಗಂಟುಮೂಟೆ. ನನ್ನ ಆಟ ಅಷ್ಟಕ್ಕಷ್ಟೇ ಎಂದು ನೀನೇ ಹೇಳುತ್ತಿದ್ದೆಯಲ್ಲ! ಆದರೂ ಬಿಡದೆ ಆಡುತ್ತಿರುವುದು ನಿನಗಾಗಿ. ಹೋದ ಊರಲ್ಲೆಲ್ಲ, ಎಡಗೈಯಲ್ಲಿ ಆಡುವ ಉದ್ದನೆಯವನೊಬ್ಬ ಇಲ್ಲಿದ್ದನೇ ಎಂದು ಕೇಳುತ್ತೇನೆ. ಎಲ್ಲರೂ ಇಲ್ಲವೆಂದು ತಲೆಯಾಡಿಸುತ್ತಾರೆ. ಇಲ್ಲಿ ಮಾತ್ರ ಯಾರೂ ಹಾಗೆ ತಲೆಯಾಡಿಸಲಿಲ್ಲ. ಕೋಚ್ ಸೀಟಿ ಊದಿ ಅಭ್ಯಾಸ ಶುರು ಮಾಡಿಬಿಟ್ಟರು.

ಈ ತಂಡದ್ದೊಂದು ವಿಚಿತ್ರ ಪದ್ಧತಿ. ದಿನದ ಮೊದಲ ಚೆಂಡು ಅಂಕಣದ ಎಡಮೂಲೆಗೇ ಹೋಗಬೇಕು. ಅಲ್ಲಿ ನಿಂತು ಹಿಡಿಯುವವನು ನಾನು. ಆ ಕಡೆ ನೋಡದೆಯೇ ಎಸೆಯುತ್ತಾರೆ, ಚೆಂಡು ನನ್ನ ಎದೆಗಿಂತ ಒಂದು ಗೇಣು ಮೇಲೆ ಬರುತ್ತದೆ, ನನಗಿಂತ ಎತ್ತರದವನಿಗೆ ಎಸೆದ ಹಾಗೆ. ಅಲ್ಲಿ ನಿಂತರೆ ಕತ್ತಿಗೆ ಯಾರದೋ ಉಸಿರು ತಾಗುತ್ತದೆ. ತಿರುಗಿದರೆ ಗೋಡೆ. ನಗಬೇಡ ಅಣ್ಣಾ, ನಿಜವಾಗಿ ಹೆದರಿಕೆಯಾಗುತ್ತದೆ.

ತಂಡದ ಬಟ್ಟೆ ಒಗೆಯುವ ಮುದುಕನನ್ನು ಹಿಡಿದು ಕೇಳಿದೆ. ಟವೆಲ್ ಹಿಂಡುತ್ತಲೇ, "ನಮ್ಮ ಉದ್ದಪ್ಪ ಅಲ್ಲೇ ಬಿದ್ದಿದ್ದು. ಎದೆ ಹಿಡ್ಕೊಂಡು ಕೂತವ್ನು ಏಳ್ಲೇ ಇಲ್ಲ. ಮನೆ ಎಲ್ಲಿ ಅಂತ ಯಾರಿಗೂ ಹೇಳಿರ್ಲಿಲ್ಲ, ಪಾಪ" ಎಂದ. ಈ ಆಟದಲ್ಲಿ ಉದ್ದಪ್ಪಂದಿರಿಗೇನು ಬರವೇ? ಅದು ನೀನಲ್ಲ ಎಂದುಕೊಂಡೆ. ಈಗಲೂ ಅಂದುಕೊಳ್ಳುತ್ತಿದ್ದೇನೆ.

ಮೊದಲ ಸಲ ಒಂದು ತಂಡ, ಇದೇ ತಂಡ, ನನ್ನನ್ನು ಕಾಯಂ ಆಗಿ ಇಟ್ಟುಕೊಳ್ಳುತ್ತೇನೆ ಎನ್ನುತ್ತಿದೆ. ಒಪ್ಪಿದರೆ ನಿನ್ನನ್ನು ಹುಡುಕುವುದು ನಿಂತ ಹಾಗೆ. ಅದಕ್ಕೇ ಇನ್ನೂ ಹೂಂ ಎಂದಿಲ್ಲ. ಹಿತ್ತಿಲಲ್ಲಿ ನೀನು ಆಟ ಕಲಿಸುತ್ತಿದ್ದದ್ದು ನೆನಪಿದೆಯೇ? ಚೆಂಡನ್ನು ಒಮ್ಮೆ ನೆಲಕ್ಕೆ ಬಡಿದು ಬೇಕೆಂದೇ ನನ್ನ ಎಡಗೈಗೆ ಕಳಿಸುತ್ತಿದ್ದೆ. ನಾನು ಬಿಟ್ಟರೆ, "ದಂಡಪಿಂಡ, ಬರ್ದೇ ಇರೋ ಕೈಗೇ ಕೊಡ್ತೀನಿ, ಹಿಡಿ" ಎಂದು ಗದರುತ್ತಿದ್ದೆ. ಇಷ್ಟು ತಂಡ ಸುತ್ತಿದೆ, ಹಾಗೆ ಕೊಡುವವರು ಯಾರೂ ಸಿಗಲಿಲ್ಲ. ನನ್ನ ಎಡಗೈ ದಡ್ಡ ಎಂದು ತಿಳಿದ ಮೇಲೆ ಎಲ್ಲರೂ ಬಲಗೈಗೇ ಕೊಡುತ್ತಾರೆ.

ಎಲ್ಲಿದ್ದರೂ ಹೊಟ್ಟೆ ತುಂಬ ಉಣ್ಣು. ಮೊಣಕಾಲಿಗೆ ಬೆಚ್ಚಗೆ ಏನಾದರೂ ಸುತ್ತಿಕೋ.

ನಿನ್ನ ತಮ್ಮ,
ದಂಡಪಿಂಡ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಇವತ್ತು ಅಭ್ಯಾಸಕ್ಕೆ ತಡವಾಗಿ ಹೋಗಿ ಬಾಗಿಲಲ್ಲೇ ನಿಂತೆ. ನಾನಿಲ್ಲದಿದ್ದರೂ ಮೊದಲ ಚೆಂಡನ್ನು ಎಡಮೂಲೆಗೆ ಎಸೆದರು. ಅದು ಗೋಡೆಗೆ ಬಡಿಯಲಿಲ್ಲ. ಒಂದು ಗಳಿಗೆ ಅಲ್ಲೇ ಗಾಳಿಯಲ್ಲಿ ನಿಂತಿತು. ಆಮೇಲೆ ಅವರೆಲ್ಲರನ್ನೂ ದಾಟಿ ಬಾಗಿಲ ಕಡೆ ಬಂತು, ಒಮ್ಮೆ ನೆಲಕ್ಕೆ ಬಡಿದು, ನೇರ ನನ್ನ ಎಡಗೈಗೆ. ಹಿಡಿದೆ ಅಣ್ಣಾ, ಬಿಡಲಿಲ್ಲ. ಈ ಕಾಗದವನ್ನು ಆ ಮೂಲೆಯಲ್ಲೇ ಇಟ್ಟು ಬರುತ್ತೇನೆ. ಸಂಜೆ ಅಮ್ಮ ಫೋನ್ ಮಾಡುತ್ತಾಳೆ. ಸಿಕ್ಕಿದ್ನಾ ಎಂದು ಕೇಳಿದರೆ ಏನು ಹೇಳಲಿ?