ಒಳಗಿನವರ ಎಡಗೈ

ಮನೆ, ಕೆಳಗಿನ ವರ್ಕ್‌ಶಾಪು
ನವೆಂಬರ್ ೧೦, ಮಂಗಳವಾರ

ಪ್ರೀತಿಯ ತಮ್ಮಾ,

ಫೆಬ್ರವರಿ ಒಂಬತ್ತನೇ ತಾರೀಖು ನೀನು ಪುರಸಭೆ ಆಸ್ಪತ್ರೆಯ ಕಟ್ಟಡ ವಿಭಾಗಕ್ಕೆ ಕೊಟ್ಟ ಅರ್ಜಿಯನ್ನು ಯಾರೋ ಒಬ್ಬರು ತೆಗೆದುಕೊಂಡು, ಮೊಹರು ಒತ್ತಿ, ಫೈಲಿಗೆ ಸೇರಿಸಿ, ಎಪ್ಪತ್ತೆರಡು ದಿನ ಸುಮ್ಮನೆ ಕೂತರು. ಎಪ್ಪತ್ತೆರಡನೇ ದಿನ ಒಬ್ಬ ಮನುಷ್ಯ ಸತ್ತ. ಪತ್ರ ಶುರು ಮಾಡುವ ರೀತಿ ಇದಲ್ಲ, ನನಗೂ ಗೊತ್ತು. ಮೊದಲು ಆರೋಗ್ಯ ಕೇಳಬೇಕು. ಕೇಳುತ್ತೇನೆ. ಭುಜದ ನೋವು ಇಳಿಯಿತೇ? ಪ್ಯಾಕಿಂಗ್ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವ ಕೆಲಸ ಎಂದು ಯಾರೋ ಹೇಳಿದರು. ದಿನವಿಡೀ ನಿಂತೇ ಹೊಡೆಯಬೇಕೋ, ಕೂರಲು ಬಿಡುತ್ತಾರೋ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ನಾಲ್ಕು ತಿಂಗಳಲ್ಲಿ ನಿನ್ನಿಂದ ಬಂದದ್ದು ಒಂದೇ ಕಾರ್ಡು, ಅದರಲ್ಲಿ ಎರಡೇ ಸಾಲು: ಚೆನ್ನಾಗಿದ್ದೇನೆ, ಇನ್ನು ಬಾಗಿಲಿನ ಕೆಲಸ ಮಾಡುವುದಿಲ್ಲ. ಎರಡನೆಯದು ನಿಜವಿರಬಹುದು. ಮೊದಲನೆಯದನ್ನು ನಾನು ನಂಬಲಿಲ್ಲ.

ನಾನಿದ್ದೇನೆ. ರಕ್ತದೊತ್ತಡ ಏರಿದೆಯಂತೆ, ಪೇಪರು ಓದುವುದು ಬಿಡಿ ಎಂದರು ಡಾಕ್ಟರು. ಮೂವತ್ತೊಂದು ವರ್ಷ ಪುರಸಭೆಯ ಲೈಬ್ರರಿ ನೋಡಿಕೊಂಡವಳಿಗೆ ಊಟ ಬಿಡಿ ಎಂದಿದ್ದರೆ ಸುಲಭವಾಗುತ್ತಿತ್ತು. ಚಿಕ್ಕಮ್ಮನ ಕಿವಿ ಇನ್ನೂ ಮಂದವಾಗಿದೆ, ಬಾಯಿ ಮಾತ್ರ ಚುರುಕಾಗಿಯೇ ಇದೆ. ನೀನು ಊರಲ್ಲಿಲ್ಲ ಎಂದು ದಿನಕ್ಕೊಮ್ಮೆ ಹೇಳುತ್ತೇನೆ. “ಊರಲ್ಲಿಲ್ದೆ ಇದ್ರೇನು, ನನ್ನ ಬೀರು ಬಾಗ್ಲು ಕಿರ್ ಅನ್ನೋದು ಕೇಳ್ಸಲ್ವಾ ಅವ್ನಿಗೆ?” ಎನ್ನುತ್ತಾಳೆ. ಆ ಕಿರ್ ಅವಳಿಗೇ ಕೇಳಿಸುವುದಿಲ್ಲ, ಅದು ಬೇರೆ ಮಾತು.

ಈ ಪತ್ರವನ್ನು ನಿನ್ನ ಮೇಜಿನ ಮೇಲೆಯೇ ಬರೆಯುತ್ತಿದ್ದೇನೆ. ನೀನು ಸಾಲಾಗಿ ಜೋಡಿಸಿಟ್ಟ ಹದಿನಾರು ಬಿಜಾಗರಿಗಳು ಹಾಗೆಯೇ ಇವೆ, ಎಣ್ಣೆ ಹಚ್ಚಿ ಒರೆಸಿಡುತ್ತೇನೆ. ಮೊದಲನೆಯದಕ್ಕೆ ನೀನು ಗೇಟಿನ ಚಿಲಕವನ್ನೇ ತಂದು ಬೆಸೆದಿದ್ದೆ, ಅದು ಹಲಗೆಗಿಂತ ಭಾರವಾಗಿತ್ತು. ಐದನೆಯದು ಒಮ್ಮೆ ಕಚ್ಚಿಕೊಂಡರೆ ಬಿಡುತ್ತಲೇ ಇರಲಿಲ್ಲ. ಮಾತಿಗೆ ಕೂತರೆ ಏಳದ ನಮ್ಮ ದೊಡ್ಡಪ್ಪನ ಹಾಗೆ ಎಂದು ಅದಕ್ಕೆ ನೀನು ‘ದೊಡ್ಡಪ್ಪ’ ಎಂದು ಹೆಸರಿಟ್ಟೆ. ಒಂಬತ್ತನೆಯದರ ಸ್ಪ್ರಿಂಗು ಹಾರಿ ಚಿಕ್ಕಮ್ಮನ ಕಾಫಿ ಲೋಟಕ್ಕೆ ಬಿದ್ದಿತ್ತು. ಎರಡು ವರ್ಷ ಹಿಡಿಯಿತು ಹದಿನಾರನೆಯದಕ್ಕೆ ಬರಲು. ಎರಡು ಹಲಗೆಗಳನ್ನು ಸೇರಿಸುವ ಬಿಜಾಗರಿಯ ಕೊಳವೆಯೊಳಗೇ ಹಲ್ಲಿರುವ ಬಳೆ, ಆ ಹಲ್ಲನ್ನು ಕಚ್ಚಿ ಹಿಡಿಯುವ ಪಿನ್ನು. ಹಲಗೆಗಳನ್ನು ನೆಟ್ಟಗೆ ಎಳೆದರೆ ಟಕ್ ಎಂದು ಬಿಗಿದುಕೊಂಡು ಗೋಡೆಯಾಗುತ್ತವೆ. ಹೆಬ್ಬೆರಳಿನಿಂದ ಗುಂಡಿ ಒತ್ತಿದರೆ ಹಿಡಿತ ಬಿಟ್ಟು ಪುಸ್ತಕದ ಹಾಗೆ ಮಡಚಿಕೊಳ್ಳುತ್ತವೆ. ಗುಂಡಿ ಇರುವುದು ಒಂದೇ ಮಗ್ಗುಲಿಗೆ. ಅದನ್ನು ಹಾಗೆ ಕೇಳಿದವರು ಆಸ್ಪತ್ರೆಯ ಹಿರಿಯ ನರ್ಸು, ನೆನಪಿದೆಯಲ್ಲ? ದೊಡ್ಡ ವಾರ್ಡನ್ನು ಹನ್ನೆರಡು ಕೋಣೆ ಮಾಡುತ್ತಿದ್ದಾರೆ, ಹೊರಗಿನಿಂದ ಯಾರೂ ನುಗ್ಗಬಾರದು, ಆದರೆ ಒಳಗಿನವರು ತಾವೇ ತೆಗೆಯುವಂತಿರಬೇಕು ಎಂದರು. “ಒಂದೇ ಕೈಲಿ ತೆಗೆಯೋ ಹಾಗೆ ಮಾಡಿ. ಇನ್ನೊಂದು ಕೈಲಿ ಅವ್ರು ಡ್ರಿಪ್ಪಿನ ಬಾಟ್ಲಿ ಹಿಡ್ಕೊಂಡಿರ್ತಾರೆ.” ನೀನು ಒಂದು ವಾರ ಎಡಗೈಯಲ್ಲಿ ನೀರಿನ ಬಾಟಲಿ ಎತ್ತಿ ಹಿಡಿದುಕೊಂಡೇ ಬಾಗಿಲು ತೆಗೆದು ನೋಡಿದೆ. ಹೋಗಿಬರುವವರು ನಿನಗೆ ತಲೆ ಕೆಟ್ಟಿದೆ ಎಂದುಕೊಂಡರು.

ಜನವರಿಯಲ್ಲಿ ಹಲಗೆಗಳು ಆಸ್ಪತ್ರೆಗೆ ಹೋದವು. ಕೂರಿಸಿದವರು ಗುತ್ತಿಗೆದಾರನ ಆಳುಗಳು, ನೀನಲ್ಲ. ಕೂರಿಸಿದ ನಾಲ್ಕನೇ ದಿನ ನೋಡಲು ಹೋಗಿ ಬಂದವನು ಶೂ ಕೂಡ ಬಿಚ್ಚದೆ ಈ ಮೇಜಿನ ಮುಂದೆ ಕೂತಿದ್ದೆ. ಹನ್ನೆರಡೂ ಕೋಣೆಗಳಲ್ಲಿ ಹಲಗೆಗಳ ಸಾಲನ್ನು ತಿರುಗಿಸಿ ನಿಲ್ಲಿಸಿದ್ದರು, ಗುಂಡಿ ಕಾರಿಡಾರಿನ ಕಡೆಗಿತ್ತು. ಕಟ್ಟಡ ವಿಭಾಗದ ಇಂಜಿನಿಯರರ ಬಳಿ ಹೋದಾಗ ಅವರು ನಿನ್ನನ್ನು ಕೂರಿಸಲೂ ಇಲ್ಲ. “ಗುಂಡಿ ಹೊರಗಿದ್ರೆ ನಮ್ಮ ಸ್ಟಾಫಿಗೇ ಅನುಕೂಲ ಕಣಯ್ಯ, ಬಿಡು” ಎಂದರಂತೆ. ಇಬ್ಬರು ಮನುಷ್ಯರು, ಒಂದು ಕೋಣೆಗೆ ಅರ್ಧ ಗಂಟೆ, ನಾನೇ ಬಂದು ತಿರುಗಿಸಿಕೊಡುತ್ತೇನೆ ಎಂದೆ ನೀನು. ವಹಿಸಿಕೊಟ್ಟ ಮೇಲೆ ಅದು ಸಾರ್ವಜನಿಕ ಆಸ್ತಿ, ಒಂದು ಸ್ಕ್ರೂ ಮುಟ್ಟಿದರೂ ಕೇಸು ಹಾಕಬೇಕಾಗುತ್ತದೆ ಎಂದರು. ನೀನು ಅರ್ಜಿ ಬರೆದೆ. ಆಮೇಲೆ ಒಳಗಡೆಯ ಗೋಡೆಗೆ, ಯಾವತ್ತೋ ತಯಾರಾಗಿದ್ದ ಫಲಕಗಳನ್ನೂ ಅವರು ಹೊಡೆದರು: ‘ಹೊರಗೆ ಬರಲು ಗುಂಡಿ ಒತ್ತಿ.’ ಯಾವ ಗುಂಡಿ?

ಏಪ್ರಿಲ್ ಇಪ್ಪತ್ತೆರಡು, ಮಧ್ಯಾಹ್ನ ಮೂರು ಗಂಟೆ. ಏಳನೇ ಕೋಣೆಯಲ್ಲಿದ್ದ ಮುದುಕ ದರ್ಜಿಗೆ ಉಸಿರು ಕಟ್ಟಿತು. ಹಾಸಿಗೆಯ ಪಕ್ಕದ ಗಂಟೆ ಕೆಟ್ಟು ಆರು ವಾರವಾಗಿತ್ತು. ಅವರು ಎದ್ದು ಬಂದು ಫಲಕ ಓದಿದ್ದಾರೆ. ನಲವತ್ತು ವರ್ಷ ಬಟ್ಟೆಯ ಹೊಲಿಗೆ ಹುಡುಕಿದ ಬೆರಳುಗಳಿಂದ ಹಲಗೆಯ ಸಂದಿಯನ್ನು ಮೇಲಿನಿಂದ ಕೆಳಗಿನವರೆಗೆ ಸವರಿದ್ದಾರೆ. ಬಣ್ಣದ ಮೇಲೆ ಗುರುತು ಉಳಿದಿದೆ, ನಾನು ನೋಡಿದ್ದೇನೆ. ಹತ್ತು ನಿಮಿಷ ಮೊದಲು ಸಿಕ್ಕಿದ್ದರೆ ಉಳಿಯುತ್ತಿದ್ದರು ಎಂದು ಡ್ಯೂಟಿಯ ಡಾಕ್ಟರೇ ಬರೆದರು. ತನಿಖೆಗೆ ಸಮಿತಿಯಾಯಿತು. ಅಧ್ಯಕ್ಷರು ಯಾರು? ಆ ಇಂಜಿನಿಯರರೇ. ಕಳ್ಳನ ಕೈಗೇ ಬೀಗದ ಕೈ ಕೊಟ್ಟು ಕಾವಲು ಕೂರಿಸಿದರು. ‘ವಿನ್ಯಾಸದ ದೋಷ’ ಎಂದು ವರದಿ ಬಂತು. ಎತ್ತಿಗೆ ಜ್ವರ, ಎಮ್ಮೆಗೆ ಬರೆ.

ನನಗೆ ಇದು ಹೊಸದಲ್ಲ ಕಣೋ. ಈ ಊರಿನ ವರದಿಗಳನ್ನೆಲ್ಲ ಬೈಂಡು ಮಾಡಿ ಕಪಾಟಿನಲ್ಲಿ ಇಟ್ಟವಳು ನಾನು. ಇಪ್ಪತ್ತೇಳು ವರ್ಷದ ಹಿಂದೆ ನೀರಿನ ಟ್ಯಾಂಕಿನ ಏಣಿ ಕಳಚಿ ಇಬ್ಬರು ಸತ್ತಾಗ ಏಣಿ ಹತ್ತಿದವರ ತೂಕ ಜಾಸ್ತಿ ಎಂದು ಬರೆದರು. ಹತ್ತೊಂಬತ್ತು ವರ್ಷದ ಹಿಂದೆ ಕಾಲುಸೇತುವೆಯ ಕಂಬಿ ಮುರಿದಾಗ, ಒರಗಿ ನಿಲ್ಲುವುದಕ್ಕಾಗಿ ಕಂಬಿ ಹಾಕಿದ್ದಲ್ಲ ಎಂದು ಬರೆದರು. ಎರಡೂ ವರದಿಗಳ ಕೊನೆಯ ವಾಕ್ಯ ಒಂದೇ: ಇನ್ನು ಮುಂದೆ ಎಚ್ಚರ ವಹಿಸಲಾಗುವುದು. ಆ ‘ಇನ್ನು ಮುಂದೆ’ಯನ್ನು ಮೂರು ದಶಕದಿಂದ ಕಾಯುತ್ತಿದ್ದೇನೆ. ಬಂದೀತು ಎಂಬ ನಂಬಿಕೆ ಈಗ ಇಲ್ಲ. ಆದರೂ ಮರೆಯಲು ನನಗೆ ಬರುವುದಿಲ್ಲ, ಅಷ್ಟೇ.

ಈಗ ನಾನು ಬರೆಯಲು ಹಿಂಜರಿಯುತ್ತಿರುವುದಕ್ಕೆ ಬರುತ್ತೇನೆ. ಜೂನ್ ಮೂವತ್ತರ ಬಹಿರಂಗ ವಿಚಾರಣೆ. ಇಂಜಿನಿಯರರು ನಕ್ಷೆಯ ಹಾಳೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಒಂದನೇ ಹಲಗೆ ಎಡ ಗೋಡೆಗೆ ಎಂದಿದೆ, ಯಾರ ಎಡ ಎಂದು ಎಲ್ಲಿದೆ ತೋರಿಸು ಎಂದರು. ನಮ್ಮ ಮನೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಬಾಗಿಲಿರುವುದು ಒಳಗಿರುವವರಿಗಾಗಿ, ಎಡಬಲ ಅವರ ಲೆಕ್ಕ ಎಂದು ಅಪ್ಪ ಹೇಳಿಕೊಟ್ಟದ್ದು. ಊರಿನ ಗುತ್ತಿಗೆದಾರರು ಹೊರಗೆ ನಿಂತು ಎಣಿಸುತ್ತಾರೆ. ಅದಕ್ಕೇ ಅಪ್ಪ ಪ್ರತಿ ನಕ್ಷೆಯಲ್ಲೂ ನೋಡುವವರು ನಿಲ್ಲುವ ಜಾಗದಲ್ಲಿ ಒಂದು ಪುಟ್ಟ ಕಣ್ಣು ಬರೆಯುತ್ತಿದ್ದರು, ನೀನೂ ಬರೆಯುತ್ತೀಯ. ಆ ಹಾಳೆಯಲ್ಲಿ ಕಣ್ಣು ಇರಲಿಲ್ಲ. ನೀನು ಹಾಳೆ ನೋಡಿದೆ, ಒಂದೇ ಸಲ ನನ್ನ ಕಡೆ ನೋಡಿದೆ, “ಇಲ್ಲ ಸಾರ್” ಎಂದೆ. ಆಗ ದರ್ಜಿಯ ಮಗಳು ಎದ್ದಳು. ಬೈಯುತ್ತಾಳೆ ಎಂದುಕೊಂಡೆ ನಾನು. ಬೈಯಲಿಲ್ಲ. “ಒಳಗಿಂದ ತೆಗೆಯೋಕಾಗ್ದಿರೋ ಬಾಗ್ಲು ಯಾಕಪ್ಪಾ ಮಾಡ್ದೆ?” ಎಂದು ನಿನ್ನನ್ನು ಕೇಳಿದಳು. ಮುಂದಿನ ಸೋಮವಾರ ನೀನು ಊರು ಬಿಟ್ಟೆ.

ಆ ಹಾಳೆ ನನ್ನ ಕೈಬರಹದ್ದು, ತಮ್ಮಾ. ನಿನ್ನ ಅಕ್ಷರ ಕೋಳಿ ಕೆದರಿದ ಹಾಗೆ, ಆಫೀಸಿಗೆ ಹೋಗುವ ಕಾಗದ ಚೊಕ್ಕಟವಾಗಿರಲಿ ಎಂದು ನಿನ್ನಿಂದ ಕಿತ್ತುಕೊಂಡು ನಕಲು ಮಾಡಿದವಳು ನಾನು. ಗೆರೆ, ಅಳತೆ, ಅಂಕಿ ಎಲ್ಲವನ್ನೂ ಎರಡೆರಡು ಸಲ ತಾಳೆ ನೋಡಿದೆ. ಕಣ್ಣಿಗೆ ಬಂದಾಗ ಪೆನ್ನು ನಿಂತಿತು. ಸರ್ಕಾರಿ ಕಾಗದದಲ್ಲಿ ಮಕ್ಕಳಾಟದ ಕಣ್ಣು ಚೆನ್ನಾಗಿ ಕಾಣುವುದಿಲ್ಲ ಎನಿಸಿತು, ಬಿಟ್ಟೆ. ಅಷ್ಟು ಓದಿದವಳು, ಬೇರೆಯವರ ವಾಕ್ಯದಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಕೆಂಪು ಶಾಯಿ ಹಾಕುವವಳು. ವಿಚಾರಣೆಯ ದಿನ ಆ ಹಾಳೆ ಎತ್ತಿದ ಕ್ಷಣವೇ ನನಗೆ ಅರ್ಥವಾಗಿತ್ತು. ಬಾಯಿ ಬಿಡಲಿಲ್ಲ. ಸಭೆಯಲ್ಲಿ ಇನ್ನೂರು ಜನ ಇದ್ದರು, ಅವರಲ್ಲಿ ಅರ್ಧದಷ್ಟು ಜನರಿಗೆ ಪುಸ್ತಕ ಕೊಟ್ಟ ಕೈ ನನ್ನದು, ನಾಚಿಕೆಯಾಯಿತು. ನಿನಗೆ ಗೊತ್ತಿರಲಾರದು ಎಂದು ನಾಲ್ಕು ತಿಂಗಳು ನನಗೆ ನಾನೇ ಹೇಳಿಕೊಂಡೆ.

ಹೋದ ಶನಿವಾರ ಮೇಜಿನ ಖಾನೆ ಒರೆಸುವಾಗ ತಳದ ಕಾಗದದ ಕೆಳಗೆ ಎರಡು ಹಾಳೆ ಸಿಕ್ಕವು. ಒಂದು, ಕಣ್ಣಿರುವ ನಿನ್ನ ನಕ್ಷೆ. ಇನ್ನೊಂದು, ಫೆಬ್ರವರಿ ಒಂಬತ್ತರ ಅರ್ಜಿಯ ನಿನ್ನ ಪ್ರತಿ, ವಿಭಾಗದ ಮೊಹರು, ಗುಮಾಸ್ತರ ಸಹಿ ಸಮೇತ. ‘ಶುದ್ಧಪ್ರತಿ ಮಾಡುವಾಗ ಕಣ್ಣಿನ ಗುರುತು ಬಿಟ್ಟುಹೋಗಿದೆ, ಹಲಗೆಗಳು ತಿರುವುಮುರುವಾಗಿವೆ, ಒಳಗಿನವರು ಸಿಕ್ಕಿಬೀಳುತ್ತಾರೆ, ದಯಮಾಡಿ ತಿರುಗಿಸಿ’ ಎಂದು ಬರೆದಿದ್ದೀಯ. ಅಂಥ ಅರ್ಜಿಯೇ ಬಂದಿಲ್ಲ ಎಂದು ವಿಭಾಗದವರು ವಿಚಾರಣೆಯ ಸಭೆಯಲ್ಲಿ ಹೇಳಿದಾಗ ಈ ಮೊಹರು ನಿನ್ನ ಬಳಿಯೇ ಇತ್ತು. ತೆಗೆದು ಮೇಜಿಗೆ ಕುಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಅದನ್ನು ಗಟ್ಟಿಯಾಗಿ ಓದಿದರೆ ನಕಲು ಮಾಡಿದವರು ಯಾರು ಎಂದು ಕೇಳುತ್ತಿದ್ದರು. ಅದಕ್ಕೇ ಅಲ್ಲವೇನೋ ನೀನು ಸುಮ್ಮನಿದ್ದದ್ದು? ಯಾರು ಕೇಳಿದರು ನಿನ್ನನ್ನು? ನಿನಗಿಂತ ಹದಿಮೂರು ವರ್ಷ ದೊಡ್ಡವಳು ನಾನು. ನನ್ನ ಮರ್ಯಾದೆಗೆ ನಿನ್ನ ಕೆಲಸ ಕೊಟ್ಟೆಯಲ್ಲ, ನನಗೆ ಕೋಪ ಬಂದಿದೆ, ಓದಿಕೋ.

ಭಾನುವಾರ ಎರಡೂ ಹಾಳೆ ಹಿಡಿದು ದರ್ಜಿಯ ಮಗಳ ಮನೆಗೆ ಹೋದೆ. ಅವಳೂ ಹೊಲಿಗೆಯವಳೇ, ಕತ್ತರಿ ಕೆಳಗಿಡದೆಯೇ ಓದಿದಳು. ನನ್ನ ತಪ್ಪನ್ನು ನಾನೇ ಹೇಳಿದೆ. ಅವಳು ಅರ್ಜಿಯ ತಾರೀಖಿನ ಮೇಲೆ ಬೆರಳಿಟ್ಟು, “ಹಾಗಾದ್ರೆ ಅವ್ರಿಗೆ ಗೊತ್ತಿತ್ತು” ಎಂದಳು. ಆಮೇಲೆ ಕತ್ತರಿ ಕೆಳಗಿಟ್ಟು, “ನಿಮಗೂ ಗೊತ್ತಿತ್ತು. ಯಾಕೆ ಸುಮ್ನಿದ್ರಿ ಅಮ್ಮಾ?” ಎಂದಳು. ನಿನ್ನ ಮೇಲೆ ಅವಳಿಗೆ ಈಗ ಸಿಟ್ಟಿಲ್ಲ ಎಂದು ಬರೆಯುವ ಆಸೆ ನನಗೆ. ಅವಳು ಹಾಗೆ ಹೇಳಲಿಲ್ಲ, ಆದ್ದರಿಂದ ಬರೆಯುವುದಿಲ್ಲ. ನಿನ್ನೆ ಪುರಸಭೆಗೆ ಹೋದೆ. ಮುಗಿದ ಫೈಲಿಗೆ ಹೊಸ ಕಾಗದ ಸೇರಿಸುವ ಪದ್ಧತಿ ಇಲ್ಲ ಎಂದರು. ಹಾಗಿದ್ದರೆ ಮುಗಿಯದ ಫೈಲು ತೋರಿಸಿ ಎಂದೆ, ನಕ್ಕರು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಬಾ ಎಂದು ಕರೆಯುವ ಮುಖ ನನಗಿಲ್ಲ. ನೀನು ಬಂದರೂ ನಿನಗೆ ಬಾಗಿಲಿನ ಕೆಲಸ ಕೊಡುವವರು ಈ ಊರಲ್ಲಿ ಸದ್ಯಕ್ಕೆ ಯಾರೂ ಇಲ್ಲ, ಸುಳ್ಳು ಹೇಳಿ ಪ್ರಯೋಜನವಿಲ್ಲ. ಭುಜಕ್ಕೆ ಬಿಸಿನೀರಿನ ಶಾಖ ಕೊಡು. ಚಿಕ್ಕಮ್ಮ ನಿನ್ನನ್ನು ಹರಸಿದ್ದಾಳೆ, ಬೀರುವಿನ ವಿಷಯ ಮತ್ತೊಮ್ಮೆ ಜ್ಞಾಪಿಸಿದ್ದಾಳೆ. ನನ್ನ ಆಶೀರ್ವಾದ ನಿನಗೆ ಬೇಕೋ ಬೇಡವೋ, ಇದ್ದೇ ಇದೆ.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸುವ ಮೊದಲು ಆಸ್ಪತ್ರೆಗೆ ಹೋಗಿ ಬಂದೆ, ಅವಸರದಲ್ಲಿ ಬರೆಯುತ್ತಿದ್ದೇನೆ, ಟಪಾಲಿನ ಹೊತ್ತಾಯಿತು. ಏಳನೇ ಕೋಣೆಗೆ ಬೀಗ ಹಾಕಿದ್ದಾರೆ. ಉಳಿದ ಹನ್ನೊಂದರಲ್ಲಿ ಹಲಗೆಗಳು ಹಾಗೆಯೇ ಇವೆ, ಒಂದನ್ನೂ ತಿರುಗಿಸಿಲ್ಲ, ಹನ್ನೊಂದರಲ್ಲೂ ರೋಗಿಗಳಿದ್ದಾರೆ. ಮೂರನೆಯದರಲ್ಲಿ ಒಬ್ಬ ಹೆಂಗಸು ಹಲಗೆಯ ಆ ಕಡೆಯಿಂದ, “ಯಾರಾದ್ರೂ ಇದೀರಾ? ಗುಂಡಿ ಒತ್ತಿ ಅಂತ ಬರ್ದಿದೆ, ಎಲ್ಲಿದೆ ಗುಂಡಿ?” ಎಂದು ಕೇಳುತ್ತಿದ್ದಳು. ಹೊರಗಿನಿಂದ ನಾನು ಒತ್ತಿ ತೆಗೆದೆ. ಶುಕ್ರವಾರ ಪುರಸಭೆಯ ಸಾಮಾನ್ಯ ಸಭೆಯಿದೆ. ಕಾಗದ ತೆಗೆದುಕೊಳ್ಳದಿದ್ದರೆ ಬೇಡ, ಎದ್ದು ನಿಂತು ಓದುತ್ತೇನೆ. ಮೊದಲು ನನ್ನ ತಪ್ಪು, ನನ್ನ ಹೆಸರು, ಹುದ್ದೆ ಸಮೇತ. ಆಮೇಲೆ ನಿನ್ನ ಅರ್ಜಿ, ಒಂದಕ್ಷರವೂ ಬಿಡದೆ. ನೀನು ಬೇಡವೆಂದರೂ ಓದುತ್ತೇನೆ, ಅದನ್ನು ತಿಳಿಸಲೆಂದೇ ಈ ಪತ್ರ. ಕೊನೆಗೆ ಇದನ್ನು ಕೇಳುತ್ತೇನೆ: ಫೆಬ್ರವರಿ ಒಂಬತ್ತರಂದು ಈ ಅರ್ಜಿ ಯಾರ ಮೇಜಿಗೆ ಹೋಯಿತು? ಬಂದೇ ಇಲ್ಲ ಎಂದು ಜೂನಿನಲ್ಲಿ ಹೇಳಿಸಿದವರು ಯಾರು? ಹನ್ನೊಂದು ಕೋಣೆಗಳ ಹಲಗೆಗಳನ್ನು ಯಾವ ತಾರೀಖಿಗೆ, ಯಾರು ತಿರುಗಿಸುತ್ತಾರೆ? ಫೈಲಿನಲ್ಲಿ ಬರೆದು ಮುಚ್ಚಿಡುವ ಉತ್ತರ ನನಗೆ ಬೇಡ. ದರ್ಜಿಯ ಮಗಳು ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ, ಅವಳ ಮುಖ ನೋಡಿ, ಎಲ್ಲರಿಗೂ ಕೇಳಿಸುವ ಹಾಗೆ, ವಿಭಾಗದವರೇ ಬಾಯಿ ಬಿಟ್ಟು ಹೇಳಲಿ.