ನಡುವಿನ ಅಕ್ಷರಗಳು

ಮಾರ್ಚ್ 3, ಮಂಗಳವಾರ

ಬೆಳಿಗ್ಗೆಯೇ ಎರಡು ರೂಟ್ ಕೆನಾಲ್. ಪೇಷೆಂಟ್ ಬಾಯಿ ತೆರೆದು ಕೂತಿರುವಾಗಲೇ ಭಾವನ ಫೋನ್. ಅಕ್ಕನ ಗಂಡ, ಕ್ರಿಪ್ಟೊ ಫಂಡ್ ಕಟ್ಟಿದವರು. ಬ್ಯಾಂಕಿಲ್ಲ, ಮ್ಯಾನೇಜರಿಲ್ಲ, ಅಧಿಕಾರ ಯಾರೊಬ್ಬರ ಕೈಯಲ್ಲೂ ಇಲ್ಲ ಎಂದು ಜಾಹೀರಾತು. ಅಸಲಿಗೆ ಕೀಲಿ ಮೂರು: ಭಾವನದು, ಬುಲೆಟ್ ಅಂತ ಎಲ್ಲರೂ ಕರೆಯುವ ಅವರ ಗೆಳೆಯನದು, ನನ್ನದು. ಮೂವರಲ್ಲಿ ಇಬ್ಬರು ಫೋನಿನಲ್ಲಿ ಓಕೆ ಒತ್ತಿದರೆ ಹಣ ಹೊರಡುತ್ತದೆ. ಹಲ್ಲಿನ ಡಾಕ್ಟರಿಗೆ ಕೀಲಿ ಯಾಕೆ? ಮನೆಯವಳು, ಎದುರಾಡುವುದಿಲ್ಲ ಅಂತ. ನನ್ನನ್ನು ಸರಿಯಾಗಿ ನೋಡಿಲ್ಲ, ಪಾಪ.

"ಓಕೆ ಒತ್ತಮ್ಮ. ಇಡೀ ಫಂಡ್ ಹೊಸ ಖಾತೆಗೆ ಹೋಗ್ಬೇಕು, ಅರ್ಜೆಂಟು."

"ಖಾತೆ ವಿಳಾಸದ ಅಷ್ಟುದ್ದದ ಅಕ್ಷರಗಳನ್ನ ಪೂರ್ತಿ ಓದಿ ಭಾವ, ನಾನೂ ನೋಡ್ತೀನಿ."

"ಮೊದಲ ನಾಲ್ಕಕ್ಷರ, ಕೊನೇ ನಾಲ್ಕಕ್ಷರ ನೋಡಿದ್ರೆ ಸಾಕು. ಎಲ್ರೂ ಹಾಗೇ ಮಾಡೋದು."

"ಮಾಡ್ಕೊಳ್ಲಿ. ನಾನು ಒತ್ತಲ್ಲ."

ಮೊಂಡಿ ಅಂದರು. ಹೌದು, ಏನೀಗ?

ಮಾರ್ಚ್ 4

ಬುಲೆಟ್ ವಿಮಾನ ಇಳಿದವನೇ, ಬ್ಯಾಗಿಗೆ ಕಾಯುತ್ತ ನಿಂತಲ್ಲೇ ಒತ್ತಿದನಂತೆ. ಹಣ ಹೋಯಿತು... ಕಳ್ಳನಿಗೆ.

ಹೋದ ವಾರ ಭಾವ ಹೊಸ ಖಾತೆಗೆ ಟ್ರಯಲ್ ಅಂತ ಸ್ವಲ್ಪ ಹಣ ಕಳಿಸಿದ್ದರು. ಕ್ರಿಪ್ಟೊದಲ್ಲಿ ಯಾರು ಎಲ್ಲಿಗೆ ಕಳಿಸಿದರೂ ಎಲ್ಲರಿಗೂ ಕಾಣುತ್ತದೆ. ಕಳ್ಳ ಅದನ್ನು ನೋಡಿ, ತಲೆ-ಬಾಲ ಒಂದೇ ಥರ ಇರುವ ವಿಳಾಸ ಮಾಡಿಕೊಂಡು, ಅದರಿಂದ ನಮ್ಮ ಫಂಡಿಗೆ ಚಿಲ್ಲರೆ ಕಳಿಸಿ ನಮ್ಮ ವ್ಯವಹಾರದ ಹಿಸ್ಟರಿಯಲ್ಲಿ ಬಂದು ಕೂತಿದ್ದ. ಭಾವ ಅದನ್ನೇ ಕಾಪಿ ಮಾಡಿದರು. ನಡುವಿನ ಅಕ್ಷರ ಯಾರೂ ನೋಡಲಿಲ್ಲ.

ಅಕ್ಕನ ಉಳಿತಾಯವೂ ಅದರಲ್ಲಿತ್ತು. ನಾನೇ ಸರಿ ಅನ್ನುವ ಖುಷಿ ಒಂದಿಷ್ಟೂ ಇಲ್ಲ. ಸಿಟ್ಟು, ಬರೀ ಸಿಟ್ಟು.

ಮಾರ್ಚ್ 9

ಭಾವ ಕ್ಲಿನಿಕ್ಕಿಗೇ ಬಂದರು. ಗಡ್ಡ ಬಿಟ್ಟಿದ್ದಾರೆ. ಕೈಯಲ್ಲಿ, ದುಡ್ಡು ಹಾಕಿದವರ ಸಭೆಯಲ್ಲಿ ಓದಲಿರುವ ಹೇಳಿಕೆ: 'ಅತ್ಯಂತ ಚತುರ ಸೈಬರ್ ದಾಳಿ'. ಮೂವರ ಸಹಿ ಬೇಕಂತೆ.

"ದಾಳಿ ಎಲ್ಲಾಯ್ತು ಭಾವ? ನೀವು ಕಾಪಿ ಮಾಡಿದ್ರಿ, ಬುಲೆಟ್ ಒತ್ತಿದ."

"ಹಾಗೆ ಬರೆದ್ರೆ ನನ್ನ ಕಥೆ ಮುಗೀತು."

"ಬರೀದಿದ್ರೆ ನಾಳೆ ಇನ್ನೊಂದು ಫಂಡ್ ಕಟ್ತೀರಿ. ಮತ್ತೆ ನಾಲ್ಕಕ್ಷರ ನೋಡ್ತೀರಿ."

ಸಹಿ ಹಾಕಲಿಲ್ಲ. ಹೊರಗೆ ಕಾಯುತ್ತಿದ್ದ ಪೇಷೆಂಟನ್ನು ಒಳಗೆ ಕರೆದೆ.

ಮಾರ್ಚ್ 10

ಅಕ್ಕ ಫೋನ್ ಮಾಡಿದಳು. ಅಳಲಿಲ್ಲ, ಅತ್ತಿದ್ದರೆ ವಾಸಿ ಇತ್ತು.

"ಒಂದು ಸಹಿ ತಾನೆ ಕೇಳಿದ್ದು?"

"ಅವತ್ತೂ ಒಂದು ಓಕೆ ತಾನೆ ಕೇಳಿದ್ದು, ಅಕ್ಕ."

"ಸಭೇಲಿ ಬಾಯಿ ಬಿಟ್ರೆ ನಮ್ಮನೆ ಕಡೆ ತಲೆ ಹಾಕ್ಬೇಡ."

ಇಟ್ಟುಬಿಟ್ಟಳು. ನನಗಿರುವುದು ಅವಳೊಬ್ಬಳೇ. ಅದು ಅವಳಿಗೂ ಗೊತ್ತು.

ಮಾರ್ಚ್ 14, ಸಂಜೆ 6

ಆನ್‌ಲೈನ್ ಸಭೆ. ದುಡ್ಡು ಹಾಕಿದವರೆಲ್ಲ ಇದ್ದಾರೆ. ಭಾವ 'ದಾಳಿ' ಹೇಳಿಕೆ ಓದಿ ಮುಗಿಸಿದರು; ಕೀಲಿ ಮೂರು, ಸಹಿ ಎರಡೇ. ವಯಸ್ಸಾದ ಹೆಂಗಸೊಬ್ಬರು ಕೇಳಿದರು, "ಮೂರನೇ ಕೀಲಿ ಯಾರದ್ದು? ಅವರೂ ಮಾತಾಡ್ಲಿ."

ಭಾವನ ಪಕ್ಕದಲ್ಲಿ ಅಕ್ಕ. ಕ್ಯಾಮೆರಾ ನೋಡುತ್ತಿದ್ದಾಳೆ, ಅಂದರೆ ನನ್ನನ್ನು. ಹೇಳಬೇಕಾದ್ದನ್ನು ಇಲ್ಲೇ ಬರೆದುಕೊಳ್ಳುತ್ತಿದ್ದೇನೆ. ಹೇಳುವುದಿಷ್ಟೇ: ಬೀಗ ಯಾರೂ ಒಡೆಯಲಿಲ್ಲ, ಬಾಗಿಲು ತೆಗೆದದ್ದು ನಾವು.

ಅವಳ ಮೆಸೇಜ್ ಬಂತು. 'ಬೇಡ ಕಣೇ.'

ಹೇಳುತ್ತೇನೆ ಅಕ್ಕ. ನಿನ್ನ ದುಡ್ಡೂ ಅದರಲ್ಲೇ ಹೋಗಿದೆ. ಹೆಸರು ಕರೆದರು, ಮೈಕ್ ಆನ್—