ಮ್ಯಾಲಿನರ್ಧ ಕಪ್ಪು

ಕೂಡ್ಲಿಗಿ, ಸೋಮವಾರ

ಜಂಬಣ್ಣ ಕಾಕಾರಿಗೆ ಮೆಹನಾಜಳ ಸಲಾಮ್.

ಫೋನ್ ಅಬ್ಬಾರ ಕೈಯಾಗೇ ಇರ್ತೈತಿ, ಅದಕ್ಕ ಇವತ್ತೇ ಆ ಕಡೆ ಬರೋ ಗೆಳತಿ ಗುಲಫಶಾ ಕೈಲಿ ಈ ಚೀಟಿ ಕಳಿಸೀನಿ.

ನಾಳೆ ಅಬ್ಬಾ ಹೊಸಪೇಟಿಗಿ, ನಿಮ್ಮ ಕ್ಯಾಮೆರಾ ಅಂಗಡಿಗಿ ಬರ್ತಾರ. ಆಕಾಶದ ಬೆಳಕು ತಗ್ಗಿಸಾಕ ಮ್ಯಾಲಿನರ್ಧ ಕಪ್ಪು, ಕೆಳಗ ತಿಳಿ ಇರೋ ಫಿಲ್ಟರ್ ಒಯ್ದಿದ್ರಲ್ಲ, ಅದನ್ನ ಮತ್ತ ಬದಲಿ ಮಾಡಸ್ತಾರಂತ. ಮಾಗಳದಾಗ ಹೊಳಿ ದಂಡಿ ನೆಟ್ಟಗ ಐತಿ, ಕಪ್ಪು ಗೆರಿ ಕೊರದಂಗ ಮುಗಿಯೋ ಹಾರ್ಡ್ ಫಿಲ್ಟರೇ ಬೇಕು ಅಂತ ಮೊದಲು ತಾವೇ ಆರಿಸಿದ್ರು. ಆಮ್ಯಾಲ ಭಾಳ ಕಪ್ಪಾಗತೈತಿ ಅಂತ, ಕಪ್ಪು ಮೆಲ್ಲಕ ತಿಳಿಯಾಗೋ ಸಾಫ್ಟ್ ತಂದ್ರು. ಈಗ ಅದಕ್ಕಿಂತಾ ತಿಳೀದು ಬೇಕಂತ. ಫೋಟೊದಾಗ ಮಾತ್ರ ಆಕಾಶ ಛಲೋ ಬಂದಿರ್ತೈತಿ.

ಅನುಮಾನ ಬಂದು ನಿನ್ನೆ ಹೊಳಿ ದಂಡ್ಯಾಗ, ಅವರು ಚಾ ಕುಡಿಯೋವಾಗ, ಫಿಲ್ಟರ್ ಬಿಚ್ಚಿ ನನ್ನ ಚೀಲದಾಗ ಇಟ್ಕೊಂಡೆ. ಅವರು ಬಂದು ಎಡಗಣ್ಣು ಮುಚ್ಚಿ, ಬಲಗಣ್ಣು ಕ್ಯಾಮೆರಾಕ್ಕ ಹಚ್ಚಿದ್ರು. "ನೋಡ ಮೆಹನಾಜ, ಮ್ಯಾಲೆಲ್ಲ ಪರದೆ ಬಿಟ್ಟಂಗ ಕಪ್ಪು. ಎಂಥಾ ಫಿಲ್ಟರ್ ಕೊಟ್ಟಾನ ಜಂಬಣ್ಣ!" ಅಂದ್ರು.

ಕಣ್ಣು ತೋರಸೂಣು ಅಂದ್ರ, ಇಷ್ಟು ವರ್ಷ ಸ್ಟುಡಿಯೋ ನಡಸಿದ್ದು ಇದೇ ಕಣ್ಣಾಗಲ್ಲೇನು ಅಂತ ಸಿಟ್ಟಾದ್ರು. ನೀವು ಹೇಳಿದ್ರ ಕೇಳ್ತಾರ. ಬ್ಯಾರೆ ಫಿಲ್ಟರ್ ಕೊಡಬ್ಯಾಡ್ರಿ. ಅಂಗಡಿ ಬಾಗಲಾ ಹಾಕಿದ್ರೂ ಚಿಂತಿಲ್ಲ, ಕಣ್ಣಿನ ದವಾಖಾನಿಗಿ ನಾಳೇನ ಕರಕೊಂಡು ಹೋಗ್ರಿ. ತಡ ಮಾಡಿದ್ರ ಆ ಪರದೆ ಪೂರಾ ಇಳೀತೈತಂತ, ಇಲ್ಲಿ ನರ್ಸ್ ಅಕ್ಕ ಹೇಳಿದ್ಲು.

ಬರೋದಿಲ್ಲ ಅಂತ ಹಟ ಹಿಡಿದ್ರ, ತಂದಿರೋ ಫಿಲ್ಟರ್ ಡಬ್ಬಿ ಅವರ ಕೈಲೇ ತೆಗಸ್ರಿ. ಅದು ಖಾಲಿ ಐತಿ; ನಿನ್ನೆ ಸಾಮಾನು ಕಟ್ಟಿದಾಕಿ ನಾನೇ, ಫಿಲ್ಟರ್ ಇನ್ನೂ ನನ್ನ ಚೀಲದಾಗೇ ಐತಿ. ಯಾಕಂತ ನೀವೇ ಹೇಳ್ರಿ ಕಾಕಾ, ನನಗ ಬಾಯಿ ಬರಲಿಲ್ಲ.

ದಾವಲ್ ಸಾಬ್ರ ಮಗಳು,
ಮೆಹನಾಜ